ಕಾಡಪ್ಪನ ಮಹಾಪ್ರಾಣಸಂಕಟ

ಕನ್ನಡ ವರ್ಣಮಾಲೆಯಲ್ಲಿ ಹತ್ತು ಮಹಾಪ್ರಾಣಗಳಿವೆ. ಅವುಗಳಲ್ಲಿ ಒಂದನ್ನೂ ನೆಟ್ಟಗೆ ಉಚ್ಚರಿಸದೆ ಕಾಡಪ್ಪ ಮೂವತ್ತೊಂದು ವರ್ಷ ಸುಖವಾಗಿ ಬದುಕಿದ್ದ. ಹುಟ್ಟಿದ್ದು ಧಾರವಾಡದಲ್ಲಿ, ಬಾಯಲ್ಲಿ ಬರುತ್ತಿದ್ದುದು ‘ದಾರವಾಡ’. ಊರೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಖರ್ಚಿಗೆ ಕರ್ಚು, ಭೂಮಿಗೆ ಬೂಮಿ. ಅಕ್ಷರದ ಹೊಟ್ಟೆ ಸೀಳಿದರೂ ಅಷ್ಟೇ, ಸೀಳದಿದ್ದರೂ ಅಷ್ಟೇ, ಕೇಳುವವರಿಗೆ ತಿಳಿದರೆ ಸಾಲದೇ ಎಂಬುದು ಅವನ ವಾದ. ಸರಿ, ಸರಕಾರ ಅವನನ್ನು ಪುಣೆಯ ಕಚೇರಿಗೆ ಗುಮಾಸ್ತನಾಗಿ ಹಾಕಿತು. ಅಲ್ಲಿಂದ ಶುರುವಾಯಿತು ನೋಡಿ ಅವನ ಗ್ರಹಚಾರ.

ಮರಾಠಿ ಎಂದರೆ ಮಹಾಪ್ರಾಣಕ್ಕೆ ಪ್ರಾಣ ಬಿಡುವ ಭಾಷೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಗುಮಾಸ್ತರು ಮರಾಠಿ ಬಾಯಿಪರೀಕ್ಷೆಯಲ್ಲಿ ಪಾಸಾಗಬೇಕು; ಪಾಸಾದ ಮೇಲೆಯೇ ತಮ್ಮೂರಿಗೆ ಬದಲಿ ಕೇಳಬೇಕು. ಮರಾಠಿ ಬಂದರೆ ಕನ್ನಡ ಊರಿಗೆ ಹೋಗು, ಬಾರದಿದ್ದರೆ ಮರಾಠಿ ಊರಲ್ಲೇ ಬಿದ್ದಿರು! ಇಂಥ ಕಾಯದೆ ಮಾಡುವವರಿಗೆ ಸರಕಾರ ಸಂಬಳ ಬೇರೆ ಕೊಡುತ್ತದೆ.

ಕಾಡಪ್ಪ ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದ. ಮೊದಲ ಸಲ ಪರೀಕ್ಷೆಯ ಶಾಸ್ತ್ರಿಗಳು, “ಯಾಕಪ್ಪಾ ಇಷ್ಟು ಬೆವರುತ್ತೀ?” ಎಂದು ಕೇಳಿದರು. ‘ಅವಸರ ಇದೆ’ ಎನ್ನಲು ‘ಮಲಾ ಘಾಈ ಆಹೇ’ ಅನ್ನಬೇಕು. ಇವನು ‘ಗಾಈ’ ಅಂದ. ಗಾಈ ಎಂದರೆ ಆಕಳುಗಳು. ಶಾಸ್ತ್ರಿಗಳು ಕನ್ನಡಕ ಇಳಿಸಿ, “ಎಷ್ಟಿವೆ?” ಎಂದರು. ಇವನು ಗಾಬರಿಯಲ್ಲಿ “ಪುಷ್ಕಳ” ಎಂದ. ಎರಡನೆಯ ಸಲ, “ಗವಳಿ ಬೆಳಗ್ಗೆ ಎದ್ದು ಏನು ಮಾಡುತ್ತಾನೆ?” ಎಂಬ ಪ್ರಶ್ನೆ ಬಂತು. ಹಾಲು ಕರೆಯುತ್ತಾನೆ ಎನ್ನಲು ‘ಧಾರ ಕಾಢತೋ’ ಅನ್ನಬೇಕಿತ್ತು. ಇವನ ಬಾಯಲ್ಲಿ ಅದು ‘ದಾರ’ ಆಯಿತು, ಅಂದರೆ ಬಾಗಿಲು ಕೀಳುತ್ತಾನೆ. “ಪೋಲೀಸರಿಗೆ ತಿಳಿಸಿದೆಯೋ ಇಲ್ಲವೋ?” ಎಂದು ಕೇಳಿ ಶಾಸ್ತ್ರಿಗಳು ಸೊನ್ನೆ ಸುತ್ತಿದರು.

ಈಗ ಮೂರನೆಯ ಸಲ. 1936ರ ಶ್ರಾವಣ, ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಧಾರವಾಡದ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಇದು ತಪ್ಪಿದರೆ ಇನ್ನೆಷ್ಟು ವರ್ಷವೋ ಶಿವನೇ ಬಲ್ಲ. ಅವನ ಹೆಂಡತಿ ಶಿವಗಂಗವ್ವ ಅಲ್ಲೇ ತವರಿನಲ್ಲಿದ್ದಳು. ಹುಟ್ಟಿ ಹನ್ನೊಂದು ತಿಂಗಳಾದ ಮಗಳನ್ನು ಕಾಡಪ್ಪ ನೋಡಿದ್ದು ಒಂದೇ ಬಾರಿ. ಹಿಂದಿನ ದಿನವಷ್ಟೇ ಕಾಗದ ಬಂದಿತ್ತು: “ಕೂಸು ಅಪ್ಪಾ ಅನ್ನಾಕ ಕಲತೈತಿ. ಖರೆ ಅದು ದಿನಾ ಬಾಗಲಿಗೆ ಬರೋ ಪೋಸ್ಟಮನ್ನಗ ಅಂತೈತಿ. ಅವನೂ ಓ ಅನ್ನಾಕ ಹತ್ಯಾನ. ನೀವು ಲಗೂ ಬರ್ರಿ.” ಓದಿ ಅವನ ಕರುಳು ಚುರ್ ಎಂದಿತ್ತು. ಪೋಸ್ಟಮನ್ನನ ಮೇಲೆ ಸಿಟ್ಟೂ ಬಂದಿತ್ತು.

ಹೀಗಾಗಿ ಅವತ್ತು ಬೆಳಗ್ಗೆ ಕಸಬಾ ಪೇಠೆಯಲ್ಲಿ ತಾನು ಬಾಡಿಗೆಗಿದ್ದ ವಾಡೆಯ ನಲ್ಲಿಕಟ್ಟೆಯ ಬಳಿ ನಿಂತು, ಹೊಟ್ಟೆ ಹಿಡಿದುಕೊಂಡು, “ಘಾ! ಧಾ! ಭಾ!” ಎಂದು ಅಭ್ಯಾಸ ನಡೆಸಿದ್ದ. ಅಂಗಳದ ಆಚೆ ಅಕ್ಕಿ ಆರಿಸುತ್ತಿದ್ದ ರಾಧಾಬಾಯಿ ಮೊರ ಬಿಸಾಕಿ ಓಡಿ ಬಂದರು. ವಾಡೆಯ ಯಜಮಾನಿ; ಊರವರ ಕೆಮ್ಮು ನೆಗಡಿಗೆಲ್ಲ ತಾವೇ ವೈದ್ಯರೆಂದು ತಿಳಿದುಕೊಂಡಿದ್ದ ಹಿರಿಯ ಜೀವ. ಅವರು ಆಡುತ್ತಿದ್ದುದು ಮರಾಠಿ, ನಾನು ಕನ್ನಡದಲ್ಲಿ ಹೇಳುತ್ತೇನೆ.

“ಅಗೋಬಾಯಿ! ಅಡಿಕಿ ಸಿಕ್ಕೊಂಡದ!” ಎನ್ನುತ್ತ ಅವನ ಬೆನ್ನಿಗೆ ನಾಲ್ಕು ಗುದ್ದಿದರು.

“ಅಡಿಕಿ ಅಲ್ರೀ ರಾದಾಬಾಯಿ! ಪರೀಕ್ಷಾ ಅದ! ನಾಲಿಗಿ ತಿರಗವಲ್ದು!”

“ರಾದಾ ಅಲ್ಲ, ರಾಧಾ,” ಎಂದು ಇನ್ನೊಂದು ಗುದ್ದಿ, “ಬಾಯಿ ತೆಗಿ. ಹಾಂ, ನೋಡು, ನಾಲಿಗಿ ಭಾಳ ಜಡ ಅದ. ಸಣ್ಣಾಂವಿದ್ದಾಗ ನಿಮ್ಮವ್ವ ಬಜೆ ತೇದು ಹಚ್ಚಿಲ್ಲ,” ಎಂದು ತೀರ್ಪು ಕೊಟ್ಟರು. ಹಚ್ಚಿದ್ದಳೋ ಇಲ್ಲವೋ ಅವನಿಗೇನು ನೆನಪು? ರಾಧಾಬಾಯಿ ಕಲ್ಲಿನ ಮೇಲೆ ಬಜೆಯ ಬೇರು ತೇದು, ಜೇನುತುಪ್ಪ ಕಲಸಿ, ಮೀಸೆ ಹೊತ್ತ ಆ ಗಂಡಸನ್ನು ಕಟ್ಟೆಯ ಮೇಲೆ ಕೂಡಿಸಿ, ಕೂಸಿಗೆ ಹಚ್ಚಿದಂತೆ ನಾಲಿಗೆಗೆ ಹಚ್ಚಿದರು. ಅಭ್ಯಾಸಬಲದಿಂದ “ಜೋ ಜೋ” ಎಂದೂ ಅಂದುಬಿಟ್ಟರು.

ಇದನ್ನೆಲ್ಲ ಮಾಳಿಗೆಯಿಂದ ಕಂಡ ರಂಗೂಬಾಯಿ ಕೆಳಗಿಳಿದು ಬಂದರು. ಇವರು ಮೇಲಿನ ಬಿಡಾರದವರು, ನಿಪ್ಪಾಣಿ ಕಡೆಯವರು, ಎರಡೂ ಭಾಷೆ ಬಲ್ಲವರು. ರಾಧಾಬಾಯಿ ಶುಂಠಿ ಎಂದರೆ ಮೆಣಸು ಎನ್ನುವುದು ಅವರ ನಿತ್ಯನೇಮ.

“ಬಜೆ ಕೂಸಿಗೆ ಆತು. ಮೂವತ್ತು ವರ್ಷದ ನಾಲಿಗಿ ಅಂದ್ರ ತೊಗಲು ಆಗಿರ್ತದ. ಇದಕ್ಕ ಅಕ್ಕಲಕಾರಾ ಗಿಡಾನೇ ಬೇಕು,” ಎಂದರು ರಂಗೂಬಾಯಿ. “ನಮ್ಮ ಮೈದುನ ಮೂಕ ಇದ್ದ. ಅಕ್ಕಲಕಾರಾದ ಕಾಢಾ, ಅಂದ್ರ ಕಷಾಯ, ಕುಡಿಸಿದ್ವಿ. ಈಗ ಬಾರಾಮತಿಯೊಳಗ ವಕೀಲ ಆಗ್ಯಾನ. ಜಡ್ಜಸಾಹೇಬ್ರು ಬಾಯಿ ಮುಚ್ಚು ಅಂದ್ರೂ ಮುಚ್ಚೂದಿಲ್ಲ.”

ಕಾಡಪ್ಪನ ಕಿವಿ ನೆಟ್ಟಗಾಯಿತು. “ಎಲ್ಲಿ ಸಿಗತದರೀ ಅದು?”

“ಒಣಗಿದ್ದು ಅಂಗಡ್ಯಾಗ ಸಿಗತದ, ಅದು ಬರೇ ಕಸ. ಹಸೀದು ಮುಠಾ ನದೀ ದಂಡಿಗೆ ಬೆಳದಿರ್ತದ. ಹಳದಿ ಮೊಗ್ಗಿ, ಮೂಗುಬಟ್ಟಿನ ಹಂಗ ದುಂಡಗ, ಸುತ್ತ ಎಸಳು ಇರೂದಿಲ್ಲ. ಜಗದು ನೋಡು, ನಾಲಿಗಿ ಜುಮ್ ಅಂತು ಅಂದ್ರ ಅದೇ.”

“ಜುಮ್ ಅನ್ನಲಿಲ್ಲ ಅಂದ್ರ?”

“ಅಂದ್ರ ಬ್ಯಾರೆ ಯಾವದೋ. ಉಗಳಿಬಿಡು.”

ಗಂಟೆ ಎಂಟಾಗಿತ್ತು. ಕೋಟು, ರುಮಾಲು, ಮಡಿ ಧೋತರ, ಪರೀಕ್ಷೆಗೆಂದು ಉಟ್ಟದ್ದರಲ್ಲೇ ಕಾಡಪ್ಪ ನದಿಗೆ ಹೋದ. ದಂಡೆಯಲ್ಲಿ ಹಳದಿ ಹೂವು ಒಂದೇ, ಎರಡೇ! ಶ್ರಾವಣದ ಮಳೆಗೆ ನೆಲವೆಲ್ಲ ಅರಿಶಿನ ಚೆಲ್ಲಿದಂತಿತ್ತು. ಯಾವುದು ಮೂಗುಬಟ್ಟು, ಯಾವುದು ಬೆಂಡೋಲೆ, ಗುಮಾಸ್ತನಿಗೇನು ಗೊತ್ತು? ಒಂದೊಂದನ್ನೇ ಕಿತ್ತು ಜಗಿದ. ಒಂದು ಬೇವಿನಷ್ಟು ಕಹಿ. ಒಂದು ಹುಳಿ. ಒಂದರಲ್ಲಿ ಹುಳ ಇತ್ತು. ಜಗಿಯುವುದು, ಥೂ ಎನ್ನುವುದು, ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಬಾಗುವುದು. ಮೊಳಕಾಲತನಕ ಕೆಸರಾಯಿತು. ಕೊನೆಗೆ ತಗ್ಗಿನಲ್ಲಿ ಬೆಳೆದ ಒಂದು ಗಿಡದ ಮೊಗ್ಗು ಹಲ್ಲಿಗೆ ಸಿಕ್ಕಿದ್ದೇ ತಡ, ನಾಲಿಗೆಯ ತುದಿ ಜುಮ್ಮೆಂದಿತು, ಬಾಯಿ ತುಂಬ ನೀರು ಬಂತು. “ಸಿಕ್ತು!” ಎಂದು ಕೂಗಿ ಕೋಟಿನ ಎರಡೂ ಕಿಸೆ ತುಂಬಿಕೊಂಡ.

ನದಿಪಾತ್ರದಲ್ಲಿ ಸೊಪ್ಪು ಬೆಳೆಯುವ ಭಾಮಾ ಎಂಬ ಹೆಂಗಸು ಅರ್ಧ ತಾಸಿನಿಂದ ಇದನ್ನು ನೋಡುತ್ತಿದ್ದಳು. ರುಮಾಲು ಸುತ್ತಿದ ಗೃಹಸ್ಥನೊಬ್ಬ ಹುಲ್ಲು ಮೇಯುವುದನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ಹತ್ತಿರ ಬಂದು, “ಕಾಯ್ ಹೋ, ಇಲ್ಲೇನು ನಡಸೀರಿ?” ಎಂದಳು. ಮಾತಿಗೆ ನಿಂತರೆ ಹೊತ್ತಾದೀತೆಂದು ಕಾಡಪ್ಪ ತನಗೆ ಅವಸರವಿದೆ ಎಂದು ಹೇಳಹೋದ. ಅವನ ಹಣೆಬರಹ.

“ಮಲಾ ಗಾಈ ಆಹೇ!”

“ಹಾಂ! ಹಂಗಾರ ಅವು ನಿನ್ನವೇ ಏನು!” ಭಾಮಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಮುಂಜಾನಿಂದ ನನ್ನ ಮೆಂತೇಪಲ್ಲೆ ಹಾಳಮಾಡಿದ ಎರಡು ಆಕಳ ಮಾಲಕ ಯಾರು ಅಂತ ಹುಡುಕಾಕತ್ತೀನಿ! ಮಾಲಕ ಇಲ್ಲಿ, ತಾನೂ ಮೇಯಾಕತ್ತಾನ!”

“ನಾಹೀ, ನಾಹೀ! ಗಾಈ! ಗಾಈ!” ಎಂದು ಕಾಡಪ್ಪ ಒತ್ತಿ ಒತ್ತಿ ಹೇಳಿದ. ಒತ್ತಿದಷ್ಟೂ ಆಕಳೇ ಬಂತು, ಅವಸರ ಬರಲಿಲ್ಲ. ಭಾಮಾ ತಾನು ಕಟ್ಟಿಹಾಕಿದ್ದ ಎರಡೂ ಆಕಳ ಹಗ್ಗ ಅವನ ಕೈಗೆ ಸುತ್ತಿ, ಹಿಂದಿನಿಂದ ಒಂದು ಕಟ್ಟಿಗೆ ಹಿಡಿದು, ರಸ್ತೆ ಮುಟ್ಟುವತನಕ ಮೂವರನ್ನೂ ಹೊಡೆದುಕೊಂಡು ಬಂದಳು. ಆಕೆಯ ಬೈಗುಳಗಳನ್ನು ಕನ್ನಡಕ್ಕೆ ತರುವ ಧೈರ್ಯ ನನಗಿಲ್ಲ.

ರಸ್ತೆಯಲ್ಲಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಎದುರಿನಿಂದ ಒಬ್ಬ ದಢೂತಿ ಮನುಷ್ಯ ಕೋಲು ತಿರುಗಿಸುತ್ತ ಓಡಿ ಬಂದ. “ಚೋರ! ಚೋರ! ನನ್ನ ಆಕಳ!”

“ಎಪ್ಪಾ ಶಿವನಽ, ಇವತ್ತ ನನ್ನ ಕತಿ ಮುಗೀತು!” ಎಂದು ಕಾಡಪ್ಪ ಹಗ್ಗ ಕೈಬಿಟ್ಟು ಕುಕ್ಕರಿಸಿದ.

ಕನ್ನಡ ಕಿವಿಗೆ ಬಿದ್ದದ್ದೇ ಆ ಮನುಷ್ಯನ ಕೋಲು ಗಾಳಿಯಲ್ಲೇ ನಿಂತಿತು. “ಯಾ ಊರವರ್ರೀ ನೀವು?” ಎಂದ. ಅವನು ಗವಳಿ ಮುರುಗೆಪ್ಪ. ಪುಣೆಯಲ್ಲಿ ಹಾಲು ಮಾರಲು ಬಂದು ಇಪ್ಪತ್ತು ವರ್ಷವಾದರೂ ಮನೆಮಾತು ಬಿಟ್ಟಿರಲಿಲ್ಲ. ಕಾಡಪ್ಪ ತನ್ನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಪೋಸ್ಟಮನ್ನನ ಸುದ್ದಿಗೆ ಬಂದಾಗ ಅತ್ತೇಬಿಟ್ಟ. ಮುರುಗೆಪ್ಪನಿಗೂ ಕಣ್ಣೀರು ಬಂತು. ಆಮೇಲೆ ಕಿಸೆಯೊಳಗಿನ ಮೊಗ್ಗು ತೆಗೆದು ನೋಡಿ ಗಂಭೀರನಾದ.

“ಇದಾ? ಇದು ಭಾಳ ಉರಿ ಐತ್ರಿ. ನಾವು ಹಲ್ಲು ನೂಸಿದಾಗ ಒಂದು ಇಟಗೋತೀವಿ. ಒಂದಽ ಮೊಗ್ಗಿ ತಿನ್ರಿ, ಎರಡನೇದು ಮುಟ್ಟಬ್ಯಾಡ್ರಿ.”

“ಆತ್ರಿ,” ಎಂದ ಕಾಡಪ್ಪ.

ಆದರೆ ದಾರಿಯುದ್ದಕ್ಕೂ ಅವನ ತಲೆ ಲೆಕ್ಕ ಹಾಕಿತು. ಮಹಾಪ್ರಾಣ ಹತ್ತು. ಒಂದು ಮೊಗ್ಗಿನಿಂದ ಒಂದು ಬಂದರೆ ಉಳಿದ ಒಂಬತ್ತರ ಗತಿ? ‘ಧಾ’ ಬಂದು ‘ಘಾ’ ಬಾರದಿದ್ದರೆ? ಹತ್ತು ಮಹಾಪ್ರಾಣಕ್ಕೆ ಹತ್ತು ಮೊಗ್ಗು, ಇದೇ ನ್ಯಾಯ. ಗುಮಾಸ್ತರ ಬುದ್ಧಿ ಹೀಗೆಯೇ, ಎಲ್ಲವೂ ಸರಿಯಾಗಿ ತಾಳೆಯಾಗಬೇಕು.

ವಾಡೆಗೆ ಬಂದಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ರಂಗೂಬಾಯಿ ಅವನು ಎಣಿಸಿಕೊಟ್ಟ ಹತ್ತು ಮೊಗ್ಗು ಜಜ್ಜಿ, ಮೆಣಸು, ಜ್ಯೇಷ್ಠಮಧು ಹಾಕಿ, ಒಂದು ಲೋಟ ಕಷಾಯ ಇಳಿಸಿ, “ಕಾಡಪ್ಪನ ಕಾಢಾ!” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಅವರು ಆ ಕಡೆ ಹೋದದ್ದೇ ರಾಧಾಬಾಯಿ ಈ ಕಡೆಯಿಂದ ಬಂದು, “ನೀರಾಗ ಕುದಿಸಿದ್ರ ಗುಣ ಎಲ್ಲಾ ಹೊಗಿಗೆ ಹೋತು. ತುಪ್ಪದಾಗ ಅರೀಬೇಕು,” ಎಂದು ಉಳಿದ ಮೊಗ್ಗುಗಳನ್ನೆಲ್ಲ ಬಜೆಯ ಜತೆಗೆ ಅರೆದು, ಲಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಅವನ ಬಾಯಲ್ಲಿ ತುರುಕಿದರು. ಕಾಡಪ್ಪ ಮೊದಲೇ ಸಂಕೋಚದ ಸ್ವಭಾವದವನು. ಒಬ್ಬರದನ್ನು ನುಂಗಿ ಒಬ್ಬರದನ್ನು ಬಿಟ್ಟರೆ ವಾಡೆಯಲ್ಲಿ ಬಾಳಲಾದೀತೇ? ಕಷಾಯವನ್ನೂ ಕುಡಿದ, ಉಂಡೆಯನ್ನೂ ನುಂಗಿದ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಸುಮ್ಮನೇ ಅಲ್ಲ.

ಮೊದಲು ನಾಲಿಗೆಯ ಮೇಲೆ ಸಾವಿರ ಇರುವೆ ಓಡಾಡಿದವು. ಆಮೇಲೆ ತುಟಿ ಉಬ್ಬಿದಂತಾಯಿತು. ಆಮೇಲೆ ಏನೂ ಇಲ್ಲ. ನಾಲಿಗೆ ಬಾಯಲ್ಲಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿದ. ಯಾರದೋ ನಾಲಿಗೆ ಮುಟ್ಟಿದಂತಾಯಿತು. ಜೊಲ್ಲು ಮಾತ್ರ ತನ್ನ ಪಾಡಿಗೆ ಸುರಿಯುತ್ತಿತ್ತು.

“ಮಾತಾಡು ನೋಡೂಣು,” ಎಂದರು ಇಬ್ಬರೂ.

“ಥಾಯೀ, ಖಾಯ್ ಖೇಲಂ ಹೇ!” ಎಂದ ಕಾಡಪ್ಪ. ತಾಯೀ, ಇದೇನು ಮಾಡಿದಿರಿ ಎಂಬುದು ಅವನ ಅಳಲು.

“ಬಂತು! ಮಹಾಪ್ರಾಣ ಬಂತು!” ರಂಗೂಬಾಯಿ ಚಪ್ಪಾಳೆ ತಟ್ಟಿದರು. “ನನ್ನ ಕಾಢಾ!”

“ನಿನ್ನ ಕಾಢಾಕ್ಕ ಏನು ಧಾಡಿ! ನನ್ನ ಬಜೆ!” ಎಂದರು ರಾಧಾಬಾಯಿ. ಅವರಿಬ್ಬರ ಜಗಳ ಇನ್ನೂ ನಡೆದಿರುವಾಗಲೇ ಕಾಡಪ್ಪ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಚೇರಿಯ ದಾರಿ ಹಿಡಿದ. ದಾರಿಯಲ್ಲಿ ನಲ್ಲಿ ಕಂಡಲ್ಲೆಲ್ಲ ಬಾಯಿ ಮುಕ್ಕಳಿಸಿದ. ನಾಲಿಗೆ ಏಳಲಿಲ್ಲ. ಮಗಳು ಪೋಸ್ಟಮನ್ನನ ಹೆಗಲೇರಿದ ಚಿತ್ರವೇ ಕಣ್ಣ ಮುಂದೆ ಬಂತು.

ಶಿವಾಜಿನಗರದ ಕಚೇರಿಯ ಮೊಗಸಾಲೆಯಲ್ಲಿ ಇನ್ನೊಬ್ಬ ಅಭ್ಯರ್ಥಿ, ಬೆಳಗಾವಿಯ ಅಪ್ಪಾಸಾಹೇಬ, ಪರೀಕ್ಷೆ ಮುಗಿಸಿ ಹೊರಗೆ ಬರುತ್ತಿದ್ದ. ಅವನ ಮರಾಠಿ ಎಂದರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ. ಅಂಥವನ ಮುಖ ಬಾಡಿತ್ತು.

“ಶಾಸ್ತ್ರಿಗಳಿಗೆ ಥಂಡಿಜ್ವರ ಅಂತ. ದೊಡ್ಡ ಸಾಹೇಬನೇ ಪರೀಕ್ಷಾಕ್ಕ ಕೂತಾನ. ನಾ ಏನಂದ್ರೂ ‘ಖಾಯ್? ಖಾಯ್?’ ಅಂತಾನ. ನಿಮ್ಮ ತಯಾರಿ ಹ್ಯಾಂಗದ?” ಎಂದ.

“ಧೇವ್ಹರೇ ಘಥಿ,” ಎಂದ ಕಾಡಪ್ಪ. ಅಪ್ಪಾಸಾಹೇಬನಿಗೆ ಅರ್ಥವಾಗಲಿಲ್ಲ.

ದೊಡ್ಡ ಸಾಹೇಬನ ವಿಷಯ ಒಂದಿಷ್ಟು ಹೇಳಬೇಕು. ಅವನು ವಿಲಾಯತಿಯಿಂದ ಬರುವಾಗ ಹಡಗಿನಲ್ಲಿ ಪುಸ್ತಕ ಓದಿ ಮರಾಠಿ ಕಲಿತವನು. ಎರಡು ವರ್ಷದಿಂದ ದಿನಾ ಮಾತಾಡುತ್ತಿದ್ದ; ಒಂದು ಪಿಳ್ಳೆಗೂ ಅರ್ಥವಾಗಿರಲಿಲ್ಲ. ಹೆಡ್‌ಕ್ಲಾರ್ಕ್ ಮಾರ್ತಾಂಡರಾಯರು ಎಲ್ಲದಕ್ಕೂ “ಹೋಯ್ ಸಾಹೇಬ” ಎಂದು ನೌಕರಿ ಉಳಿಸಿಕೊಂಡಿದ್ದರು. ತನಗೆ ಜನರ ಮರಾಠಿ ತಿಳಿಯದಿದ್ದುದಕ್ಕೆ ಸಾಹೇಬ ಕಂಡುಕೊಂಡ ಕಾರಣ ಸರಳವಾಗಿತ್ತು: ಪುಣೆಯಲ್ಲಿ ಶುದ್ಧ ಮರಾಠಿ ಯಾರಿಗೂ ಬರುವುದಿಲ್ಲ.

ಕಾಡಪ್ಪ ಒಳಗೆ ಹೋಗಿ ನಿಂತ. ಮೇಜಿನ ಪಕ್ಕದಲ್ಲಿ ಮಾರ್ತಾಂಡರಾಯರು ಕಾಗದ ಹಿಡಿದು ಕೂತಿದ್ದರು.

“ಥುಮ್‌ಛೇ ನ್ಹಾವ್ ಖಾಯ್?” ಎಂದು ಸಾಹೇಬ ಹೆಸರು ಕೇಳಿದ.

ಕಾಡಪ್ಪ ಕರವಸ್ತ್ರ ತೆಗೆದ. “ಮ್ಹಾಝೇ ನ್ಹಾವ್ ಖಾಢಫ್ಫಾ.”

ಸಾಹೇಬ ಬೆಚ್ಚಿಬಿದ್ದ. ಕುರ್ಚಿ ಮುಂದೆಳೆದುಕೊಂಡ. “ಥುಮ್ಹೀ ಸಖಾಳೀ ಖಾಯ್ ಖೇಲೇ?” ಬೆಳಗ್ಗೆ ಏನು ಮಾಡಿದೆ ಎಂಬ ಪ್ರಶ್ನೆ.

ಕಾಡಪ್ಪನಿಗೆ ಇನ್ನು ಉಳಿದದ್ದೇನಿತ್ತು? ಬಿದ್ದವನಿಗೆ ನೆಲವೇನು, ಹಾಸಿಗೆಯೇನು! ನದಿಗೆ ಹೋದದ್ದು, ಹೂವು ಜಗಿದದ್ದು, ಆಕಳು ಗಂಟುಬಿದ್ದದ್ದು, ಕಷಾಯ, ಉಂಡೆ, ಎಲ್ಲವನ್ನೂ ಹೇಳಿಬಿಟ್ಟ. ಅವನ ಬಾಯಲ್ಲಿ ಒಂದಾದರೂ ಅಲ್ಪಪ್ರಾಣ ಉಳಿದಿರಲಿಲ್ಲ. ‘ಕ’ ಎಲ್ಲ ‘ಖ’, ‘ತ’ ಎಲ್ಲ ‘ಥ’, ‘ಪ’ ಎಲ್ಲ ‘ಫ’. ಮಾರ್ತಾಂಡರಾಯರು ಕಿವಿಗೆ ಕೈ ಇಟ್ಟುಕೊಂಡರು. ಸಾಹೇಬನ ಮುಖ ಮಾತ್ರ ಕ್ಷಣಕ್ಷಣಕ್ಕೂ ಅರಳುತ್ತ ಹೋಯಿತು. ಆಕಳ ಪ್ರಸಂಗಕ್ಕೆ ಬಿದ್ದು ಬಿದ್ದು ನಕ್ಕ, ಸರಿಯಾದ ಜಾಗದಲ್ಲೇ ನಕ್ಕ! ತಾನೂ ಬಾಯಿ ಹಾಕಿದ. ಇಬ್ಬರೂ ಅರ್ಧ ತಾಸು ಖಾಯ್ ಥಾಯ್ ಎಂದು ಹರಟಿದರು, ಬಹುಕಾಲ ಅಗಲಿದ್ದ ಅಣ್ಣತಮ್ಮಂದಿರು ಜಾತ್ರೆಯಲ್ಲಿ ಸಿಕ್ಕಂತೆ.

ಕೊನೆಗೆ ಸಾಹೇಬ ಎದ್ದು ನಿಂತು ಅವನ ಕೈ ಕುಲುಕಿದ. ಕಾಡಪ್ಪ ಹೊರಗೆ ಬಂದು ಕಂಬಕ್ಕೆ ಒರಗಿ ಕೂತ. ಪಾಸಾದೆನೇ? ನಿಜವಾಗಿಯೂ ಪಾಸಾದೆನೇ? ಅವನಿಗೆ ನಗು ಬಂತು, ಅಳು ಬಂತು, ಜೊಲ್ಲಂತೂ ಬರುತ್ತಲೇ ಇತ್ತು. ರಾತ್ರಿ ಗಾಡಿ ಹಿಡಿದರೆ ಬೆಳಗಾಗುವುದರಲ್ಲಿ ಧಾರವಾಡ. ಮಗಳಿಗೆ ಒಂದು ಗಿಲಕಿ, ಶಿವಗಂಗವ್ವನಿಗೆ ಒಂದು ಪುಣೇರಿ ಸೀರೆ. ಪೋಸ್ಟಮನ್ನನಿಗೆ ಹೇಳಬೇಕಾದ ನಾಲ್ಕು ಮಾತನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡ.

ಐದು ಗಂಟೆಗೆ ಇಬ್ಬರನ್ನೂ ಒಳಗೆ ಕರೆದರು. ಮಾರ್ತಾಂಡರಾಯರು ಕನ್ನಡಕ ಏರಿಸಿ ಓದಿದರು.

“ಅಪ್ಪಾಸಾಹೇಬ. ನಾಪಾಸು. ಇವರ ಮರಾಠಿ ಸಾಹೇಬರಿಗೆ ಒಂದಕ್ಷರವೂ ತಿಳಿಯಲಿಲ್ಲ. ಇಂಥವರನ್ನು ಪುಣೆಯಲ್ಲಿ ಇಟ್ಟುಕೊಂಡು ಉಪಯೋಗವಿಲ್ಲದ ಕಾರಣ, ಹಳೆಯ ನಿಯಮ ರದ್ದು ಮಾಡಿ, ಇವರನ್ನು ಕೂಡಲೇ ಧಾರವಾಡದ ಖಾಲಿ ಜಾಗಕ್ಕೆ ಸಾಗಹಾಕಲಾಗಿದೆ.”

ಅಪ್ಪಾಸಾಹೇಬ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಕೈ ಮುಗಿದ.

“ಕಾಡಪ್ಪ. ಪಾಸು, ಮೊದಲನೆಯ ದರ್ಜೆ. ಇಷ್ಟು ಸ್ವಚ್ಛ ಮರಾಠಿಯನ್ನು ಕನ್ನಡ ಸೀಮೆಗೆ ಕಳಿಸಿ ವ್ಯರ್ಥ ಮಾಡಬಾರದು ಎಂದು ಸಾಹೇಬರ ಅಭಿಪ್ರಾಯ. ಆದ್ದರಿಂದ ಪುಣೆಯಲ್ಲೇ ಕಾಯಂ. ನಾಳೆಯಿಂದ ದಿನಾ ಬೆಳಗ್ಗೆ ಏಳರಿಂದ ಒಂಬತ್ತರತನಕ ಸಾಹೇಬರ ಬಂಗಲೆಗೆ ಹೋಗಿ ಮರಾಠಿ ಮಾತಾಡಬೇಕು. ರಜೆ ಇಲ್ಲ. ಸಾಹೇಬರು ಇಲ್ಲಿ ಇನ್ನೂ ಆರು ವರ್ಷ ಇರುತ್ತಾರೆ.”

ಆರು ವರ್ಷ! ಮಗಳು ಸಾಲಿಗೆ ಹೋಗುವಷ್ಟಾಗುತ್ತಾಳೆ. ಸಂಕಟ ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು, ಗಂಟಲಿಂದ ನಾಲಿಗೆಗೆ ಬಂತು, ಆ ಹೊತ್ತಿಗೇ ನಾಲಿಗೆಯ ಜೋಮು ಹರಿಯಿತು. ಕಾಡಪ್ಪ ಮೇಜಿನ ಮುಂದೆ ಹೋಗಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಜೀವಮಾನದಲ್ಲೇ ಮೊದಲ ಸಲ ಒಂದೂ ತಪ್ಪಿಲ್ಲದ ಮರಾಠಿ ಆಡಿದ. ‘ಧ’ ಬರುವಲ್ಲಿ ‘ಧ’, ‘ಝ’ ಬರುವಲ್ಲಿ ‘ಝ’. ಜ್ವರದಲ್ಲಿ ಮಲಗಿದ್ದ ಶಾಸ್ತ್ರಿಗಳು ಕೇಳಿದ್ದರೆ ಎದ್ದು ಕೂಡುತ್ತಿದ್ದರು.

“ಸಾಹೇಬ, ಮಲಾ ಧಾರವಾಡಲಾ ಜಾಊ ದ್ಯಾ. ಮಾಝೀ ಮುಲಗೀ ತಿಥೇ ಆಹೇ. ತೀ ಮಲಾ ಓಳಖತ ನಾಹೀ!” ನನ್ನನ್ನು ಧಾರವಾಡಕ್ಕೆ ಹೋಗಲು ಬಿಡಿ, ನನ್ನ ಮಗಳು ಅಲ್ಲಿದ್ದಾಳೆ, ಅವಳಿಗೆ ನನ್ನ ಗುರುತೇ ಇಲ್ಲ.

ಸಾಹೇಬ ಹುಬ್ಬು ಗಂಟಿಕ್ಕಿ ಮಾರ್ತಾಂಡರಾಯರ ಕಡೆ ತಿರುಗಿದ. “ಖಾಯ್?”

ಮಾರ್ತಾಂಡರಾಯರಿಗೆ ಸಂಜೆ ಬೇಗ ಮನೆಗೆ ಹೋಗಬೇಕಿತ್ತು. “ಸಾಹೇಬರ ಉಪಕಾರ ಸಾಯೋತನಕ ಮರೆಯೂದಿಲ್ಲ ಅಂತಾನ್ರಿ,” ಎಂದರು ಇಂಗ್ಲಿಷಿನಲ್ಲಿ.

ಸಾಹೇಬ ಪ್ರೀತಿಯಿಂದ ಕಾಡಪ್ಪನ ಬೆನ್ನು ತಟ್ಟಿದ. “ನಾಳೆ ಏಳಕ್ಕೆ ಬಂದುಬಿಡು,” ಎಂದ. “ಆದರೆ ಈಗ ಆಡಿದೆಯಲ್ಲ, ಹೀಗೆ ಗೊಣಗಬೇಡ. ಮಧ್ಯಾಹ್ನ ಆಡಿದ ಹಾಗೆ ಬಿಡಿಸಿ ಮಾತಾಡು.”